‘ನೀರುಗುಳ್ಳೆ’ ಅಂತ ವರದಿ ಬಂದ ಮನೆಗೆ ಇನ್ನೊಮ್ಮೆ ಹೋಗಿ ಬನ್ನಿ

ಮಾಯಕೊಂಡ ಹೋಬಳಿಯ ಆಶಾ ಕಾರ್ಯಕರ್ತೆಯರಿಗೆ ಒಂದು ಬಹಿರಂಗ ಪತ್ರ

ಅಕ್ಕಂದಿರೇ, ತಂಗಿಯರೇ,

ನಾನು ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು. ಸ್ಕ್ಯಾನ್ ಓದಿ ವರದಿ ಬರೆಯುವ ವೈದ್ಯೆ. ನಿಮ್ಮ ತಲೆಗೆ ಇನ್ನೊಂದು ರಿಜಿಸ್ಟರ್ ಕಟ್ಟುವ ಉದ್ದೇಶ ನನಗಿಲ್ಲ. ಬಸುರಿ, ಬಾಣಂತಿ, ಕೂಸು, ಲಸಿಕೆ, ಕ್ಷಯ, ಡೆಂಗಿ, ಮೇಲಿಂದ ಬರುವ ಸಮೀಕ್ಷೆಗಳು, ಇಷ್ಟರಲ್ಲೇ ನಿಮ್ಮ ದಿನ ಮುಗಿದುಹೋಗುತ್ತದೆ. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಮಲಗಿದ್ದನ್ನು ನಾಡೆಲ್ಲ ನೋಡಿದೆ. ಅಂಥ ನಿಮಗೆ ಇನ್ನೂ ಒಂದು ಕೆಲಸ ಹೇಳಬೇಕಾದರೆ ಅದಕ್ಕೆ ತಕ್ಕ ಕಾರಣ ಇರಬೇಕು. ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಇದು ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತು. ಒಬ್ಬರಿಗೆ ಬಿಡದೆ ತಲೆನೋವು, ಅಥವಾ ಒಂದು ಸಲ ಫಿಟ್ಸ್ ಬಂತು. ಊರಲ್ಲಿ ಮಾತ್ರೆ, ಇಂಜೆಕ್ಷನ್ ಆಯಿತು, ಯಂತ್ರ ಕಟ್ಟಿಸಿದ್ದೂ ಆಯಿತು. ಕೊನೆಗೆ ಸಾಲ ಮಾಡಿ ದಾವಣಗೆರೆಗೆ ಹೋಗಿ ಸ್ಕ್ಯಾನ್ ಮಾಡಿಸುತ್ತಾರೆ. ವರದಿಯಲ್ಲಿ ‘ಸಿಸ್ಟ್’ ಅಂತ ಇರುತ್ತದೆ. ಯಾರೋ ಅದನ್ನು ಬಿಡಿಸಿ ಹೇಳುತ್ತಾರೆ: ‘ಏನಿಲ್ಲಂತೆ ಬಿಡ್ರಿ, ನೀರುಗುಳ್ಳೆಯಂತೆ. ಗಡ್ಡೆ ಅಲ್ವಂತೆ.’ ಮನೆಯವರ ಎದೆ ಹಗುರಾಗುತ್ತದೆ. ಫಿಲಂ ಟ್ರಂಕಿನ ತಳ ಸೇರುತ್ತದೆ. ಮೆಕ್ಕೆಜೋಳದ ಬಿತ್ತನೆ, ಅಡಿಕೆ ಕೊಯ್ಲು, ಮಗಳ ಮದುವೆ, ಹೀಗೆ ವರ್ಷ ಉರುಳುತ್ತದೆ. ಆ ವರದಿಯ ಕಟ್ಟಕಡೆಯಲ್ಲಿ ಇಂಗ್ಲಿಷಿನ ಒಂದು ಸಾಲು ಇರುತ್ತದೆ: ಮೂರು ತಿಂಗಳೋ ಆರು ತಿಂಗಳೋ ಬಿಟ್ಟು ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಮತ್ತೊಮ್ಮೆ ಎಂ.ಆರ್.ಐ. ಮಾಡಿಸಿ ಅಂತ. ಆ ಸಾಲನ್ನು ಮನೆಯವರಿಗೆ ಓದಿ ಹೇಳುವವರು ಇರುವುದಿಲ್ಲ. ಈ ಪತ್ರ ಆ ಒಂದು ಸಾಲಿಗಾಗಿ.

ಮೊದಲಿಗೆ ಧೈರ್ಯದ ಮಾತು. ಮಿದುಳಿನಲ್ಲಿ ಕಾಣುವ ನೀರುಗುಳ್ಳೆಗಳಲ್ಲಿ ಬಹುಪಾಲು ನಿಜಕ್ಕೂ ನಿರುಪದ್ರವಿ. ಮಿದುಳನ್ನು ಸುತ್ತುವರಿದ ತೆಳುಪೊರೆಯ ಎರಡು ಪದರಗಳ ನಡುವೆ, ಹುಟ್ಟಿನಿಂದಲೇ, ತಿಳಿನೀರು ತುಂಬಿದ ಚೀಲವೊಂದು ಕೆಲವರಲ್ಲಿ ಉಳಿದುಬಿಟ್ಟಿರುತ್ತದೆ. ಇದು ಅರಾಕ್ನಾಯ್ಡ್ ಸಿಸ್ಟ್. ಹೆಚ್ಚಾಗಿ ಕಣತಲೆಯ ಒಳಭಾಗದಲ್ಲಿ ಕಾಣುತ್ತದೆ. ನೂರು ಜನರ ತಲೆ ಸ್ಕ್ಯಾನ್ ಮಾಡಿದರೆ ಒಬ್ಬಿಬ್ಬರಲ್ಲಿ ಸಿಕ್ಕೀತು. ಬೈಕಿನಿಂದ ಬಿದ್ದಾಗ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುವುದೇ ಹೆಚ್ಚು. ಮಿದುಳಿನ ನಡುಮಧ್ಯೆ, ಪೀನಿಯಲ್ ಎಂಬ ಪುಟ್ಟ ಗ್ರಂಥಿಯಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕ ಗುಳ್ಳೆ ಎಷ್ಟೋ ಹೆಣ್ಣುಮಕ್ಕಳಲ್ಲಿ ಇರುತ್ತದೆ. ಅವರ ತಲೆನೋವಿಗೂ ಅದಕ್ಕೂ ಸಾಮಾನ್ಯವಾಗಿ ಸಂಬಂಧವೇ ಇರುವುದಿಲ್ಲ. ಇಂಥವರು ಹೊಲ ಮಾರಿ ಊರೂರು ತಿರುಗುವುದು ಬೇಡ. ಹಾಗೆ ಹೆದರಿದವರನ್ನು ಸಮಾಧಾನ ಮಾಡಿ ಕೂರಿಸುವುದೂ ನಿಮ್ಮಿಂದಲೇ ಆಗಬೇಕಾದ ಕೆಲಸ.

ತೊಂದರೆ ಇರುವುದು ಉಳಿದ ಕೆಲವರಲ್ಲಿ. ಗಡ್ಡೆಯೂ ನೀರು ತುಂಬಿಕೊಳ್ಳಬಲ್ಲದು. ಅದರ ರಕ್ತನಾಳಗಳು ಸೋರುತ್ತವೆ, ಸೋರಿದ ದ್ರವ ಒಂದು ಕಡೆ ಮಡುಗಟ್ಟುತ್ತದೆ, ಕೊನೆಗೆ ಗಡ್ಡೆಗಿಂತ ನೀರೇ ದೊಡ್ಡದಾಗಿ ಕಾಣುತ್ತದೆ. ಪ್ರಪಂಚದಲ್ಲಿ ಮೊಟ್ಟಮೊದಲ ಬಾರಿ ರೋಗಿಯೊಬ್ಬರ ತಲೆಯನ್ನು ಸಿ.ಟಿ. ಯಂತ್ರದಲ್ಲಿ ನೋಡಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಯಂತ್ರ ಕಟ್ಟಿದವರು ಗಾಡ್‌ಫ್ರೀ ಹೌನ್ಸ್‌ಫೀಲ್ಡ್. ಹಣೆಯ ಹಿಂದೆ ಗಡ್ಡೆ ಇರಬಹುದೆಂಬ ಅನುಮಾನ ಇದ್ದ ಹೆಂಗಸಿನ ತಲೆ ಅದು. ಚಿತ್ರದಲ್ಲಿ ಕಂಡದ್ದು ದುಂಡನೆಯ ಕಪ್ಪು ಗುಳ್ಳೆ. ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕಿದ್ದು ದ್ರವ ತುಂಬಿದ ಗಡ್ಡೆ. ಅಂದರೆ ತಲೆಯ ಸ್ಕ್ಯಾನಿನ ಇತಿಹಾಸ ಶುರುವಾದದ್ದೇ ಗುಳ್ಳೆಯಂತೆ ಕಾಣುವ ಗಡ್ಡೆಯಿಂದ.

ಅದಕ್ಕೂ ಮುಂಚೆ, ಸ್ಕ್ಯಾನ್ ಎಂಬುದೇ ಇಲ್ಲದ ಕಾಲದಲ್ಲಿ, ಈ ಗುಟ್ಟನ್ನು ಬಿಡಿಸಿದವರು ಸ್ವೀಡನ್ನಿನ ಅರ್ವಿಡ್ ಲಿಂಡಾವ್. ತಲೆಯ ಹಿಂಭಾಗದಲ್ಲಿರುವ ಕಿರುಮಿದುಳಿನ ಗುಳ್ಳೆಗಳ ಬಗ್ಗೆ 1926ರಲ್ಲಿ ಅವರು ದೊಡ್ಡ ಅಧ್ಯಯನ ಪ್ರಕಟಿಸಿದರು. ಆಗಿನ ಶಸ್ತ್ರವೈದ್ಯರು ಗುಳ್ಳೆಯ ನೀರು ತೆಗೆದು ಹೊಲಿದು ಕಳಿಸುತ್ತಿದ್ದರು. ಕೆಲವರಿಗೆ ಅದು ಮತ್ತೆ ತುಂಬಿಕೊಳ್ಳುತ್ತಿತ್ತು. ಲಿಂಡಾವ್ ಆ ಗುಳ್ಳೆಗಳ ಗೋಡೆಯನ್ನು ಹುಡುಕಿದಾಗ ಅಲ್ಲಿ ರಕ್ತನಾಳಗಳೇ ಹೆಣೆದುಕೊಂಡಂಥ ಸಣ್ಣ ಗಂಟು ಕಂಡಿತು. ನೀರು ಬರುತ್ತಿದ್ದದ್ದು ಆ ಗಂಟಿನಿಂದ. ಬಾವಿಯ ಸೆಲೆ ಹಾಗೇ ಇರುವಾಗ ಎಷ್ಟು ನೀರು ಸೇದಿದರೂ ಬಾವಿ ಬತ್ತುವುದಿಲ್ಲವಲ್ಲ, ಅದೇ ಕಥೆ. ಗಂಟು ತೆಗೆದರೆ ಗುಳ್ಳೆ ತಾನಾಗಿ ಕುಗ್ಗುತ್ತದೆ. ಈ ಗಂಟಿಗೆ ಈಗ ಹಿಮ್ಯಾಂಜಿಯೊಬ್ಲಾಸ್ಟೊಮ ಎನ್ನುತ್ತಾರೆ. ಇದು ಬಂದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರಿಗೆ ಇದು ವಂಶದಲ್ಲಿ ಹರಿದು ಬಂದ ಕಾಯಿಲೆ. ಅದೇ ಕಾಯಿಲೆ ಕಣ್ಣಿನ ಒಳಪರದೆಯಲ್ಲೂ ಮೂತ್ರಪಿಂಡದಲ್ಲೂ ಕಾಣಿಸಿಕೊಳ್ಳಬಹುದು. ಹಾಗಾಗಿ ಒಬ್ಬರಿಗೆ ಬಂದರೆ ಅಣ್ಣತಮ್ಮ, ಅಕ್ಕತಂಗಿಯರನ್ನೂ ಮಕ್ಕಳನ್ನೂ ತೋರಿಸಬೇಕಾಗುತ್ತದೆ. ಯಾರ ಮನೆಯಲ್ಲಿ ಯಾರಿಗೆ ಕಣ್ಣು ಹೋಗಿತ್ತು, ಯಾರ ಅಪ್ಪ ‘ಕಿಡ್ನಿ ಗಡ್ಡೆ’ಯಿಂದ ತೀರಿಕೊಂಡರು ಎಂಬುದು ಊರಲ್ಲಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ?

ಮಕ್ಕಳಲ್ಲಿ ಹಿಮ್ಯಾಂಜಿಯೊಬ್ಲಾಸ್ಟೊಮದ ಜೋಡಿಯಂತೆ ಕಾಣುವ ಇನ್ನೊಂದು ಗಡ್ಡೆ ಇದೆ, ಪೈಲೊಸಿಟಿಕ್ ಆಸ್ಟ್ರೊಸೈಟೊಮ. ಅದೂ ಹೆಚ್ಚಾಗಿ ಕಿರುಮಿದುಳಿನಲ್ಲೇ ಬರುತ್ತದೆ. ದೊಡ್ಡ ನೀರಿನ ಚೀಲ, ಅದರ ಒಂದು ಗೋಡೆಗೆ ಅಂಟಿಕೊಂಡ ಗಂಟು. ವಿಶ್ವ ಆರೋಗ್ಯ ಸಂಸ್ಥೆ ಮಿದುಳಿನ ಗಡ್ಡೆಗಳನ್ನು 1ರಿಂದ 4ರವರೆಗೆ ದರ್ಜೆ ಮಾಡಿದೆ. ಇದು 1ನೇ ದರ್ಜೆ, ಅಂದರೆ ಎಲ್ಲಕ್ಕಿಂತ ಸೌಮ್ಯ. ಪೂರ್ತಿ ತೆಗೆಯಲು ಆದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಹತ್ತು ವರ್ಷ ದಾಟಿ ಬದುಕುತ್ತಾರೆ, ಬಹುತೇಕರು ಪೂರ್ತಿ ಗುಣವಾಗುತ್ತಾರೆ. ಇಷ್ಟು ಒಳ್ಳೆಯ ಫಲ ಸಿಗುವ ಕಾಯಿಲೆಯನ್ನು ‘ನೀರುಗುಳ್ಳೆ’ ಎಂದು ಟ್ರಂಕಿನಲ್ಲಿಟ್ಟು, ಮಗುವಿನ ಕಣ್ಣಿನ ನರ ಒಣಗಿದ ಮೇಲೆ ಹೊರಗೆ ತೆಗೆಯುವುದಿದೆಯಲ್ಲ, ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಗೋಡೆಯ ಆ ಗಂಟು ಕಾಣಬೇಕಾದರೆ ಬಹಳ ಸಲ ಕಾಂಟ್ರಾಸ್ಟ್ ಬೇಕು. ಜನ ಅದಕ್ಕೆ ‘ಬಣ್ಣದ ಇಂಜೆಕ್ಷನ್’ ಎನ್ನುತ್ತಾರೆ. ಕೈಯ ನರಕ್ಕೆ ಕೊಡುತ್ತಾರೆ. ಗಂಟಿನ ರಕ್ತನಾಳಗಳು ಆ ಔಷಧಿಯನ್ನು ಹೀರಿಕೊಂಡು ಫಿಲಂನಲ್ಲಿ ಬೆಳ್ಳಗೆ ಹೊಳೆಯುತ್ತವೆ. ಬರೀ ನೀರಿನ ಚೀಲ ಹೊಳೆಯುವುದಿಲ್ಲ. ಇಂಜೆಕ್ಷನ್ನಿಗೆ ಬೇರೆ ದುಡ್ಡು ಆಗುತ್ತದೆ, ಕೆಲವರು ‘ಇಂಜೆಕ್ಷನ್ ತಗೊಂಡ್ರೆ ಕಿಡ್ನಿ ಹೋಗುತ್ತೆ’ ಅಂತ ಹೆದರಿ ಬೇಡ ಅನ್ನುತ್ತಾರೆ. ಮೂತ್ರಪಿಂಡದ ಕಾಯಿಲೆ ಮೊದಲೇ ಇದ್ದವರು, ಬಸುರಿಯರು ಮುಂಚೆಯೇ ಹೇಳಬೇಕು, ನಿಜ. ಮಿಕ್ಕವರು ಹೆದರಿ ನಿರಾಕರಿಸುವಂಥದ್ದಲ್ಲ ಅದು. ಎಂ.ಆರ್.ಐ. ಯಂತ್ರದಲ್ಲಿ ಎಕ್ಸ್‌ರೇಯ ಕಿರಣವೂ ಇಲ್ಲ. ಶಬ್ದ ಜೋರು, ಅಷ್ಟೆ. ಗುಳ್ಳೆ ಕಂಡ ಮೇಲೆ ಒಂದು ಸಲವಾದರೂ ಕಾಂಟ್ರಾಸ್ಟ್ ಸ್ಕ್ಯಾನ್ ಆಗಿದೆಯೇ ಎಂದು ನೀವು ಕೇಳಿದರೆ ಸಾಕು, ಅರ್ಧ ಕೆಲಸ ಮುಗಿಯಿತು.

ಕಾಂಟ್ರಾಸ್ಟ್‌ಗೂ ಸಿಕ್ಕದೆ ತಪ್ಪಿಸಿಕೊಳ್ಳುವ ಒಂದಿದೆ, ಎಪಿಡರ್ಮಾಯ್ಡ್. ತಾಯಿಯ ಹೊಟ್ಟೆಯಲ್ಲಿ ಕೂಸು ರೂಪುಗೊಳ್ಳುವಾಗ ಚರ್ಮವಾಗಬೇಕಿದ್ದ ಒಂದಿಷ್ಟು ಜೀವಕೋಶ ತಲೆಯೊಳಗೆ ಸಿಕ್ಕಿಹಾಕಿಕೊಂಡು, ಅಲ್ಲೇ ಪದರ ಪದರವಾಗಿ ಉದುರುತ್ತಾ ಹತ್ತಾರು ವರ್ಷ ನಿಧಾನವಾಗಿ ಬೆಳೆಯುತ್ತದೆ. ಬಿಚ್ಚಿ ನೋಡಿದರೆ ಮುತ್ತಿನ ಹೊಳಪು ಇರುತ್ತದೆ. ಕಿವಿಯ ಹಿಂದಿನ ಆಳದಲ್ಲಿ, ಮುಖಕ್ಕೂ ಕಿವಿಗೂ ಹೋಗುವ ನರಗಳ ಸುತ್ತ ತೂರಿಕೊಳ್ಳುವುದು ಅದರ ಚಾಳಿ. ಸಿ.ಟಿ.ಯಲ್ಲೂ, ಎಂ.ಆರ್.ಐ.ನ ಮಾಮೂಲಿ ಚಿತ್ರಗಳಲ್ಲೂ ಅದು ಅಪ್ಪಟ ನೀರಿನಂತೆಯೇ ಕಾಣುತ್ತದೆ, ಅರಾಕ್ನಾಯ್ಡ್ ಸಿಸ್ಟ್ ಎಂದೇ ಓದಿಸಿಕೊಳ್ಳುತ್ತದೆ. ಬಿಡಿಸುವುದು ಡಿಫ್ಯೂಷನ್ ಎಂಬ ಒಂದು ಚಿತ್ರ. ನೀರಿನ ಅಣುಗಳು ಸರಾಗವಾಗಿ ಓಡಾಡುತ್ತಿವೆಯೋ, ಅಡ್ಡಿಯಲ್ಲಿ ಸಿಕ್ಕಿವೆಯೋ ಎಂಬುದನ್ನು ಅದು ತೋರಿಸುತ್ತದೆ. ತಿಳಿನೀರಿನ ಗುಳ್ಳೆ ಕಪ್ಪಗೆ ಕಾಣುತ್ತದೆ, ಎಪಿಡರ್ಮಾಯ್ಡ್ ಬೆಳ್ಳಗೆ ಬೆಳಗುತ್ತದೆ. ಈ ಚಿತ್ರ ತೆಗೆಯಲು ಒಂದೆರಡು ನಿಮಿಷ ಸಾಕು. ಮಿದುಳಿನ ಕೀವುಗುಳ್ಳೆಯೂ ಇದರಲ್ಲಿ ಬೆಳ್ಳಗಾಗುತ್ತದೆ, ಆದರೆ ಅದರ ಕಥೆ ಬೇರೆ, ಬಹಳ ಸಲ ಜ್ವರ ಇರುತ್ತದೆ, ಕಿವಿ ಸೋರುವ ಹಳೆಯ ಕಾಯಿಲೆಯೂ ಇರಬಹುದು. ಮುಖದ ಒಂದು ಪಕ್ಕಕ್ಕೆ ಕರೆಂಟು ಹೊಡೆದಂತೆ ನೋವು, ಒಂದೇ ಕಿವಿ ಕಿವುಡಾಗುತ್ತಿದೆ, ವರದಿಯಲ್ಲಿ ಗುಳ್ಳೆ ಇದೆ, ಈ ಮೂರೂ ಕೂಡಿದ ಮನುಷ್ಯ ನಿಮ್ಮ ಊರಲ್ಲಿದ್ದರೆ ಹಲ್ಲು ಕೀಳಿಸುತ್ತಾ ಕೂರಲು ಬಿಡಬೇಡಿ. ಇಂಥವರು ಹಲ್ಲಿನ ನೋವೆಂದು ತಿಳಿದು ಗಟ್ಟಿ ಹಲ್ಲುಗಳನ್ನೇ ಕೀಳಿಸಿಕೊಳ್ಳುವುದುಂಟು.

ನಮ್ಮ ದೇಶದ್ದೇ ಆದ ಒಂದು ಅನುಭವವನ್ನು ಇಲ್ಲಿ ಹೇಳಲೇಬೇಕು. ಫಿಟ್ಸ್ ಬಂದ ಹರೆಯದವರ ಸಿ.ಟಿ.ಯಲ್ಲಿ ಉಂಗುರದಂಥ ಒಂಟಿ ಚುಕ್ಕೆ ಕಾಣುವುದು ಭಾರತದಲ್ಲಿ ಬಹಳ ಸಾಮಾನ್ಯ. ಸಿ.ಟಿ. ಬಂದ ಹೊಸತರಲ್ಲಿ ಇದನ್ನು ಕ್ಷಯದ ಗಂಟು ಎಂದುಕೊಂಡು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗಿಸಲಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರವೈದ್ಯರಾದ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಅಂಥ ಗಂಟುಗಳನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಲಾಡಿಹುಳುವಿನ ಮರಿ. 1989ರಲ್ಲಿ ಅವರು ಇದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಳಿಕ, ತಲೆ ತೆರೆಯದೆಯೇ ಇದನ್ನು ಗುರುತಿಸುವ ನಿಯಮಗಳನ್ನೂ ಕಟ್ಟಿಕೊಟ್ಟರು: ಫಿಟ್ಸ್‌ನಿಂದಲೇ ಕಾಯಿಲೆ ಶುರುವಾಗಿರಬೇಕು, ಚುಕ್ಕೆ 20 ಮಿಲಿಮೀಟರಿಗಿಂತ ದೊಡ್ಡದಿರಬಾರದು, ಮಿದುಳನ್ನು ಒಂದು ಪಕ್ಕಕ್ಕೆ ದಬ್ಬಿರಬಾರದು, ತಲೆಯೊಳಗಿನ ಒತ್ತಡ ಏರಿರಬಾರದು, ಕೈಕಾಲಿನ ಸೋಲು ದಿನೇ ದಿನೇ ಹೆಚ್ಚುತ್ತಿರಬಾರದು, ಮೈಯಲ್ಲಿ ಬೇರೆ ಸಕ್ರಿಯ ಕಾಯಿಲೆ ಇರಬಾರದು. ಇಷ್ಟಕ್ಕೂ ಹೊಂದಿದರೆ ಕತ್ತಿ ಬೇಡ, ಫಿಟ್ಸ್ ಮಾತ್ರೆ ಕೊಟ್ಟು ಕಾಯಬಹುದು. ಕೆಲವು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿದಾಗ ಚುಕ್ಕೆ ಕುಗ್ಗಿರುತ್ತದೆ, ಇಲ್ಲವೇ ಮಾಯವಾಗಿರುತ್ತದೆ.

ಸರಿಯಾಗಿ ನೋಡಿದರೆ ಈ ನಿಯಮಗಳ ಜೀವ ಇರುವುದು ಆ ಎರಡನೆಯ ಸ್ಕ್ಯಾನಿನಲ್ಲಿ. ಹುಳುವಿನ ಚುಕ್ಕೆ ಕುಗ್ಗುತ್ತದೆ, ಗಡ್ಡೆ ಕುಗ್ಗುವುದಿಲ್ಲ. ಮೊದಲ ದಿನ ಎರಡೂ ಒಂದೇ ಥರ ಕಂಡಿದ್ದರೂ ಆರು ತಿಂಗಳಲ್ಲಿ ದಾರಿ ಬೇರೆಯಾಗುತ್ತದೆ. ಎರಡನೆಯ ಸ್ಕ್ಯಾನ್ ಮಾಡಿಸದವರ ರೋಗನಿರ್ಣಯ ಅರ್ಧಕ್ಕೇ ನಿಂತಿದೆ ಎಂದೇ ನಾನು ಹೇಳುವುದು. (ಲಾಡಿಹುಳು ಹಂದಿಮಾಂಸ ತಿನ್ನುವವರ ಕಾಯಿಲೆ ಎಂಬ ಮಾತನ್ನು ಕೂಡ ಹೋದಲ್ಲೆಲ್ಲ ತಿದ್ದಿ. ಹುಳುವಿನ ಮೊಟ್ಟೆ ಮನುಷ್ಯರ ಮಲದಿಂದ ನೀರಿಗೆ, ಸೊಪ್ಪಿಗೆ, ಕೈಗೆ ಸೇರಿ ಹೊಟ್ಟೆಗೆ ಹೋದಾಗ ಈ ಕಾಯಿಲೆ. ಹುಟ್ಟಾ ಸಸ್ಯಾಹಾರಿಗಳಿಗೂ ಬರುತ್ತದೆ.)

ಕುರಿ ಹಟ್ಟಿಗಳಿರುವ ಊರುಗಳ ನಿಮಗೆ ಇನ್ನೊಂದು ಮಾತು. ಕುರಿ, ನಾಯಿ, ಮನುಷ್ಯ ಒಟ್ಟಿಗೆ ಬದುಕುವಲ್ಲಿ ಹೈಡಾಟಿಡ್ ಎಂಬ ಹುಳುವಿನ ಗುಳ್ಳೆ ಬರಬಹುದು. ಹೆಚ್ಚಾಗಿ ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಬರುತ್ತದೆ, ಅಪರೂಪಕ್ಕೆ ಮಿದುಳಿನಲ್ಲಿ, ಅದೂ ಮಕ್ಕಳಲ್ಲಿ ಹೆಚ್ಚು. ಚೆಂಡಿನಷ್ಟು ದುಂಡಗೆ, ತೆಳುಗೋಡೆಯದಾಗಿ ಇರುತ್ತದೆ. ಮಿದುಳಿನ ಈ ಗುಳ್ಳೆಯನ್ನು ಸೂಜಿಯಿಂದ ಚುಚ್ಚುವಂತಿಲ್ಲ. ಒಡೆದರೆ ಮರಿಗುಳ್ಳೆಗಳು ಚೆಲ್ಲಾಡುತ್ತವೆ, ಮೈಗೆ ಒಗ್ಗದೆ ಪ್ರಾಣಕ್ಕೇ ಕುತ್ತಾಗಬಹುದು. ಶಸ್ತ್ರವೈದ್ಯರು ಗುಳ್ಳೆಯ ಸುತ್ತ ನೀರು ಬಿಟ್ಟು, ತೇಲಿಸಿ, ಇಡಿಯಾಗಿ ಹೊರತರುತ್ತಾರೆ. ಹಾಗಾಗಿ ಮನೆಯಲ್ಲಿ ಕುರಿ ಇದೆ, ಸತ್ತ ಕುರಿಯ ಕರುಳು ಈಲಿ ನಾಯಿಗೆ ಹಾಕುತ್ತಾರೆ ಎಂಬ ಸಣ್ಣ ಸಂಗತಿ ಶಸ್ತ್ರವೈದ್ಯರ ಕೈಚಳಕವನ್ನೇ ಬದಲಿಸುತ್ತದೆ.

ನಿಮ್ಮ ಸಹಾಯ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಿರುವುದು ಇಲ್ಲೇ. ಸ್ಕ್ಯಾನಿಗೆ ಬರುವವರ ಚೀಟಿಯಲ್ಲಿ ‘ತಲೆನೋವು’ ಎಂದೋ ‘ಫಿಟ್ಸ್’ ಎಂದೋ ಒಂದೇ ಪದ ಇರುತ್ತದೆ. ಬಂದ ಹೆಂಗಸೊಬ್ಬಳಿಗೆ ನಾಲ್ಕು ವರ್ಷದ ಕೆಳಗೆ ಎದೆಯ ಗಡ್ಡೆಯ ಆಪರೇಷನ್ ಆಗಿತ್ತು ಎಂಬುದು ಫಿಲಂ ಓದುವವರಿಗೆ ತಿಳಿದಿರುವುದಿಲ್ಲ. ತಿಳಿದಿದ್ದರೆ ಅದೇ ಗುಳ್ಳೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ, ಏಕೆಂದರೆ ಸ್ತನದ, ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೆ ಹರಡಿದಾಗಲೂ ನೀರು ತುಂಬಿದ ಉಂಗುರದಂತೆ ಕಾಣಬಹುದು. ಟಿ.ಬಿ. ಮಾತ್ರೆ ಅರ್ಧಕ್ಕೆ ಬಿಟ್ಟಿದ್ದರು, ತಿಂಗಳಿನಿಂದ ಮಾತು ತೊದಲುತ್ತಿದೆ, ಆರು ತಿಂಗಳಿನಿಂದ ಸ್ವಭಾವವೇ ಬದಲಾಗಿದೆ ಎಂದು ಅತ್ತೆ ಹೇಳುತ್ತಾಳೆ, ಇವೆಲ್ಲ ನಿಮಗೆ ಗೊತ್ತಿರುವ ವಿಷಯಗಳು. ನಾಲ್ಕು ಸಾಲು ಕನ್ನಡದಲ್ಲಿ ಬರೆದು ಅವರ ಕೈಗೆ ಕೊಟ್ಟು ಕಳಿಸಿ. ನನ್ನಂಥವರಿಗೆ ಆ ಚೀಟಿ ಯಂತ್ರದಷ್ಟೇ ಬೆಲೆಯದು.

ಮನೆಯಲ್ಲಿ ಏನು ನೋಡಬೇಕು ಎಂದು ಕೇಳುತ್ತೀರಿ. ತಲೆನೋವು ಎಲ್ಲರಿಗೂ ಬರುತ್ತದೆ. ಬೆಳಗಿನ ಜಾವ ನಿದ್ದೆಯಿಂದಲೇ ಎಬ್ಬಿಸುವ, ಕೆಮ್ಮಿದರೆ ಬಗ್ಗಿದರೆ ಹೆಚ್ಚಾಗುವ, ವಾಂತಿಯಾದ ಮೇಲೆ ತುಸು ಇಳಿಯುವ, ವಾರದಿಂದ ವಾರಕ್ಕೆ ಏರುತ್ತಲೇ ಹೋಗುವ ತಲೆನೋವು ಬೇರೆ ಜಾತಿಯದು. ಶಾಲೆಗೆ ಹೋಗುವ ಮಗು ಹೊಟ್ಟೆ ಕೆಟ್ಟಿಲ್ಲದಿದ್ದರೂ ಬೆಳಿಗ್ಗೆ ಬೆಳಿಗ್ಗೆ ವಾಂತಿ ಮಾಡುತ್ತಿದ್ದರೆ, ಜಂತುಹುಳುವಿನ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ನೇರ ಗೆರೆಯ ಮೇಲೆ ನಡೆಸಿ ನೋಡಿ. ತೂರಾಡುತ್ತದೆಯೇ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಕೂರುತ್ತದೆಯೇ, ಹೊಸದಾಗಿ ಮೆಳ್ಳೆಗಣ್ಣು ಬಂದಿದೆಯೇ? ಎರಡು ವರ್ಷದಿಂದ ಎತ್ತರವೇ ಬೆಳೆಯದ, ಸಿಕ್ಕಾಪಟ್ಟೆ ನೀರು ಕುಡಿಯುವ, ಪಕ್ಕದಲ್ಲಿ ಬಂದವರು ಕಾಣದೆ ಡಿಕ್ಕಿ ಹೊಡೆಯುವ ಮಗುವಿಗೆ ಮಿದುಳಿನ ಬುಡದ ಗ್ರಂಥಿಯ ಬಳಿ ಕ್ರೇನಿಯೊಫ್ಯಾರಿಂಜಿಯೊಮ ಇರಬಹುದು. ಅದೂ ಗುಳ್ಳೆಯ ವೇಷದ್ದೇ. ಒಳಗೆ ಇಂಜಿನ್ ಆಯಿಲಿನಂಥ ದ್ರವ, ಗೋಡೆಯಲ್ಲಿ ಸುಣ್ಣದ ಅಂಶ. ಈ ಸುಣ್ಣ ಎಂ.ಆರ್.ಐ.ಗಿಂತ ಸಿ.ಟಿ.ಯಲ್ಲೇ ಚೆನ್ನಾಗಿ ಕಾಣುತ್ತದೆ, ಆದ್ದರಿಂದ ‘ಎಂ.ಆರ್.ಐ. ಆಗಿದೆಯಲ್ಲ, ಮತ್ತೆ ಸಿ.ಟಿ. ಯಾಕೆ, ದುಡ್ಡು ಹೊಡೆಯೋಕೆ’ ಎಂದು ಮನೆಯವರು ಸಿಟ್ಟಾದರೆ ತಿಳಿಸಿ ಹೇಳಿ. ಅಂಗನವಾಡಿಯಲ್ಲಿ ಅಳೆಯುವಾಗ ಕೂಸಿನ ತಲೆಯ ಸುತ್ತಳತೆ ತಿಂಗಳಿಂದ ತಿಂಗಳಿಗೆ ಮಿತಿಮೀರಿ ಏರುತ್ತಿದ್ದರೂ ಅಷ್ಟೇ, ಕಾಯಬಾರದು.

ಮೂವತ್ತು ದಾಟಿದವರಿಗೆ ಜೀವನದಲ್ಲಿ ಮೊದಲ ಸಲ ಫಿಟ್ಸ್ ಬಂದರೆ ಸ್ಕ್ಯಾನ್ ಆಗಲೇಬೇಕು. ಕೈಗೆ ಬೀಗದ ಕೈ ಕೊಡುವುದು, ಚಪ್ಪಲಿ ಮೂಸಿಸುವುದು ನಿಲ್ಲಲಿ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ 108ಕ್ಕೆ ಕರೆ ಮಾಡಿ. ಗುಳ್ಳೆ ಇದೆಯೆಂದು ಗೊತ್ತಿರುವವರು ಜೋರು ತಲೆನೋವು, ವಾಂತಿಯ ಜೊತೆ ಮಂಪರಾಗತೊಡಗಿದರೆ ಬೆಳಗಾಗಲಿ ಎಂದು ಕಾಯಬೇಡಿ. ಮಿದುಳಿನ ನಡುವಿನ ನೀರಿನ ದಾರಿಯ ಬಾಯಲ್ಲಿ ಕೂರುವ ಕೊಲಾಯ್ಡ್ ಸಿಸ್ಟ್ ಎಂಬುದೊಂದಿದೆ. ಗಡ್ಡೆ ಅಲ್ಲ, ಕ್ಯಾನ್ಸರ್ ಅಲ್ಲ. ಆದರೂ ದಾರಿ ಮುಚ್ಚಿಬಿಟ್ಟರೆ ಗಂಟೆಗಳಲ್ಲಿ ಜೀವ ತೆಗೆಯುತ್ತದೆ. ‘ನಿರುಪದ್ರವಿ’ ಎಂಬ ಪದವನ್ನು ನಾವು ವೈದ್ಯರೂ ಸ್ವಲ್ಪ ಅಳೆದು ತೂಗಿ ಬಳಸಬೇಕು.

ಸ್ಕ್ಯಾನಿಗೆ ದುಡ್ಡಿಲ್ಲದವರಿಗೆ ಮೊದಲ ಬಾಗಿಲು ಕಣ್ಣಿನ ಡಾಕ್ಟರು. ಪಾಪೆ ಅಗಲ ಮಾಡುವ ಹನಿ ಹಾಕಿ, ಕಣ್ಣಿನ ಹಿಂಭಾಗವನ್ನು ಬೆಳಕು ಬಿಟ್ಟು ನೋಡಿದರೆ ಕಣ್ಣಿನ ನರದ ಬುಡ ಊದಿದೆಯೇ ಎಂಬುದು ತಿಳಿಯುತ್ತದೆ. ತಲೆಯೊಳಗೆ ಒತ್ತಡ ಏರಿದ್ದರೆ ಅದು ಬಹಳ ಸಲ ಅಲ್ಲಿ ಕಾಣುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಸುಲಭವಾಗಿ ಆಗುವ ಪರೀಕ್ಷೆ ಇದು. ನರ ಊದಿಲ್ಲ ಎಂದ ಮಾತ್ರಕ್ಕೆ ಗಡ್ಡೆ ಇಲ್ಲ ಎಂದಾಗುವುದಿಲ್ಲ, ಆದರೆ ಊದಿದ್ದರೆ ಆವತ್ತೇ ಸ್ಕ್ಯಾನ್ ಮಾಡಿಸಲು ಅಷ್ಟು ಸಾಕು.

ಹೀಗೆ ಜನಸಾಮಾನ್ಯರಿಗೆ ಲಕ್ಷಣ ತಿಳಿಸಿ ಏನು ಪ್ರಯೋಜನ ಎಂದು ಅನುಮಾನ ಬೇಡ. ಬ್ರಿಟನ್ನಿನಲ್ಲಿ 2011ರಲ್ಲಿ ‘ಹೆಡ್‌ಸ್ಮಾರ್ಟ್’ ಎಂಬ ಪ್ರಚಾರ ಶುರು ಮಾಡಿ, ಮಕ್ಕಳ ಮಿದುಳು ಗಡ್ಡೆಯ ಲಕ್ಷಣಗಳನ್ನು ತಂದೆತಾಯಿಗಳಿಗೂ ಊರ ವೈದ್ಯರಿಗೂ ಪುಟ್ಟ ಕಾರ್ಡಿನಲ್ಲಿ ಹಂಚಿದರು. ಲಕ್ಷಣ ಕಂಡ ದಿನದಿಂದ ರೋಗ ಪತ್ತೆಯಾಗುವವರೆಗೆ 14 ವಾರ ಹಿಡಿಯುತ್ತಿದ್ದದ್ದು ಕೆಲವೇ ವರ್ಷಗಳಲ್ಲಿ 7 ವಾರದೊಳಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಜನರಿಗೆ ತಿಳಿಯಿತು, ಅಷ್ಟೇ. ನಮ್ಮಲ್ಲಿ ಕಾರ್ಡಿಗಿಂತ ಹೆಚ್ಚು ನಂಬುವುದು ನಿಮ್ಮ ಮಾತನ್ನು.

ಎಲ್ಲಿಗೆ ಕಳಿಸಬೇಕು? ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಅಲ್ಲಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ. ಮಿದುಳಿನ ಆರೋಗ್ಯಕ್ಕೆಂದು ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣದಲ್ಲಿ ಶುರು ಮಾಡಿದ ಕಾರ್ಯಕ್ರಮ ಆಮೇಲೆ ಜಿಲ್ಲೆಗಳಿಗೆ ಹರಡಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ‘ಬ್ರೈನ್ ಹೆಲ್ತ್ ಕ್ಲಿನಿಕ್’ ಎಲ್ಲಿ ಎಂದೇ ಕೇಳಲು ಹೇಳಿ. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಬಹುಪಾಲು ತಪಾಸಣೆ ಇಲ್ಲೇ ಆಗುತ್ತದೆ. ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಕಾರ್ಡ್ ಇರುವ ಬಿ.ಪಿ.ಎಲ್. ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡ ಶಿಫಾರಸು ಪತ್ರ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾದರೆ ಮಾತ್ರ ಅಲೆದಾಟ ತಪ್ಪದು. ತುರ್ತು ಇದ್ದಾಗ ಆ ಪತ್ರಕ್ಕೆ ಕಾಯಬೇಕಿಲ್ಲ.

ಬಿಡಿಸಲಾಗದ ಗಂಟುಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ ಅದು ಹುಟ್ಟಿತು, ನರಶಸ್ತ್ರವೈದ್ಯರಾದ ಡಾ. ಆರ್. ಮಾರ್ತಾಂಡ ವರ್ಮ ಅದರ ಮೊದಲ ನಿರ್ದೇಶಕರು. ಅಲ್ಲಿ ನರರೋಗಶಾಸ್ತ್ರ ವಿಭಾಗವಿದೆ. ಗುಳ್ಳೆಯೋ ಗಡ್ಡೆಯೋ ಎಂಬ ಪ್ರಶ್ನೆಗೆ ಕೊನೆಯ ಉತ್ತರ ಸಿಗುವುದು ಇಂಥ ವಿಭಾಗಗಳಲ್ಲೇ, ಹೊರತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿಟ್ಟಾಗ. ಸ್ಕ್ಯಾನ್ ಎಷ್ಟು ಚೆನ್ನಾಗಿದ್ದರೂ ಅನುಮಾನವನ್ನು ಕಿರಿದು ಮಾಡುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ. ಪೀನಿಯಲ್ ಗ್ರಂಥಿಯ ಮಾಮೂಲಿ ಗುಳ್ಳೆ ಮತ್ತು ಪೀನಿಯೊಸೈಟೊಮ ಎಂಬ ಗಡ್ಡೆ ಫಿಲಂನಲ್ಲಿ ಒಂದೇ ರೀತಿ ಕಂಡು, ನಮ್ಮಂಥವರನ್ನೂ ಕೈಚೆಲ್ಲಿಸುವುದುಂಟು. ಈಗ, 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ, ಎಷ್ಟೋ ಗಡ್ಡೆಗಳಿಗೆ ವಂಶವಾಹಿಯ ಪರೀಕ್ಷೆಯೂ ಬೇಕು. ‘ತುಣುಕು ತೆಗೆದರೆ ಕಾಯಿಲೆ ಹರಡುತ್ತದೆ’ ಎಂದು ಹೆದರಿ ಊರಿಗೆ ವಾಪಸು ಬಂದವರಿದ್ದಾರೆ. ಮಿದುಳಿನ ಗಡ್ಡೆಯ ಮಟ್ಟಿಗೆ ಆ ಭಯಕ್ಕೆ ಆಧಾರವಿಲ್ಲವೆಂದೇ ಹೇಳಬೇಕು. ರಕ್ತಸ್ರಾವದಂಥ ಅಪಾಯ ಇದೆ, ಅದನ್ನು ವೈದ್ಯರೇ ಮೊದಲು ತಿಳಿಸುತ್ತಾರೆ.

ಇನ್ನು ಹಳೆಯ ಫಿಲಂ. ಮಾಯಕೊಂಡ ಸ್ಟೇಷನ್ನಿನಲ್ಲಿ ಬೆಂಗಳೂರು ರೈಲು ಹತ್ತುವವರ ಕೈಯಲ್ಲಿ ಬುತ್ತಿ ಇರುತ್ತದೆ, ಆಧಾರ್ ಕಾರ್ಡ್ ಇರುತ್ತದೆ, ಮೊದಲ ಸ್ಕ್ಯಾನ್ ಇರುವುದಿಲ್ಲ. ‘ಅದು ಹಳೇದು, ಹೊಸದಾಗಿ ತೆಗೀತಾರೆ ಬಿಡು’ ಅನ್ನುತ್ತಾರೆ. ಗುಳ್ಳೆ ಬೆಳೆದಿದೆಯೇ, ಅಷ್ಟೇ ಇದೆಯೇ, ಗೋಡೆ ದಪ್ಪವಾಗಿದೆಯೇ ಎಂಬುದನ್ನು ಹಳೆಯದರ ಪಕ್ಕ ಹೊಸದನ್ನಿಟ್ಟೇ ಹೇಳಬೇಕು. ಫಿಲಂ, ವರದಿ, ಸಿ.ಡಿ. ಮೂರನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿ, ಬಿಸಿಲು ತಾಕದ ಕಡೆ ಇಡಿಸಿ. ವರದಿಯನ್ನು ನಿಮ್ಮ ಮೊಬೈಲಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ, ಅವರ ಒಪ್ಪಿಗೆ ಪಡೆದು.

ನನ್ನ ಸಹೋದ್ಯೋಗಿಗಳಿಗೂ ಇದೇ ಪತ್ರದಲ್ಲಿ ಕೈಮುಗಿದು ಒಂದು ಕೋರಿಕೆ: ವರದಿಯ ಕೊನೆಯ ಸಾಲು, ಮತ್ತೆ ಯಾವಾಗ ಬರಬೇಕು ಎನ್ನುವ ಸಾಲು, ಕನ್ನಡದಲ್ಲಿ ಇರಲಿ. ಯಾವ ತಿಂಗಳು, ಯಾವ ಸ್ಕ್ಯಾನ್ ಎಂದು ಬಿಡಿಸಿ ಬರೆಯೋಣ. ಕೆಳಗೆ ಒಂದು ರಬ್ಬರ್ ಸ್ಟಾಂಪ್ ಒತ್ತಿದರೂ ಆದೀತು.

ಅಕ್ಕಂದಿರೇ, ನಿಮ್ಮ ಮುಂದಿನ ತಿಂಗಳ ಸಭೆಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳಿ: ತಲೆಯಲ್ಲಿ ನೀರುಗುಳ್ಳೆ ಎಂದು ವರದಿ ಬಂದವರು ನಮ್ಮ ನಮ್ಮ ಊರಲ್ಲಿ ಯಾರಿದ್ದಾರೆ, ಅವರ ಕೊನೆಯ ಸ್ಕ್ಯಾನ್ ಯಾವಾಗ ಆಗಿದೆ, ಮತ್ತೆ ಬರಲು ಹೇಳಿದ ತಿಂಗಳು ಕಳೆದುಹೋಗಿದೆಯೇ. ಒಂದು ಊರಿಗೆ ಒಬ್ಬರೋ ಇಬ್ಬರೋ ಸಿಕ್ಕಾರು. ತಿಂಗಳು ಮೀರಿದವರನ್ನು ಹಳೆಯ ಫಿಲಂ ಸಮೇತ ಅದೇ ವಾರ ದಾವಣಗೆರೆಗೆ ಕಳಿಸಿಕೊಡಿ.

ಇಂತಿ,
ನಿಮ್ಮ ಸೀಮೆಯ ಹೆಣ್ಣುಮಗಳು, ಸ್ಕ್ಯಾನ್ ಓದುವ ವೈದ್ಯೆ